ಅಜ್ಜಿಯ ತುಳು ಇಂಗ್ಲಿಷಿಗೆ ಅಡ್ಡಿಯೇ?

ಪ್ರಶ್ನೆ: ಮಗ ಯು.ಕೆ.ಜಿ.ಯಲ್ಲಿದ್ದಾನೆ. ಮನೆಯಲ್ಲೂ ಇಂಗ್ಲಿಷೇ ಮಾತಾಡಿ ಎಂದು ಟೀಚರ್ ಹೇಳಿದರು. ನಾನೂ ನನ್ನ ಗಂಡನೂ ತುಳು ಬಿಟ್ಟೆವು. ಈಗ ನನ್ನ ಅಮ್ಮ ಮೊಮ್ಮಗನ ಹತ್ತಿರ ಮಾತಾಡಲಾಗದೆ ಸುಮ್ನೆ ಕೂತಿರುತ್ತಾರೆ. ನಾವು ಮಾಡಿದ್ದು ಸರಿಯೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಇಂಗ್ಲಿಷ್ ಬೇಕು. ಮೇಲಿನ ಓದಿಗೆ, ಕೆಲಸಕ್ಕೆ ಬೇಕೇ ಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ತಾಯೀ, ಅದಕ್ಕೆ ನಿಮ್ಮ ಅಮ್ಮನ ಬಾಯಿ ಯಾಕೆ ಕಟ್ಟಬೇಕು?

ನಾನು ಬೆಳೆದದ್ದು ಪುತ್ತೂರಿನ ಕಡೆ. ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಕೊಂಕಣಿ, ಮೀನಿನವರ ಹತ್ತಿರ ಬ್ಯಾರಿ, ಶಾಲೆಯಲ್ಲಿ ಕನ್ನಡ. ಎಬಿಸಿಡಿ ಕಲಿತದ್ದು ಐದನೇ ಕ್ಲಾಸಿನಲ್ಲಿ. ಮಾಸ್ಟ್ರು ಇಂಗ್ಲಿಷ್ ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಆಗಲೂ ನಮ್ಮ ಮುಖ ಪೆಚ್ಚಾಗಿದ್ದರೆ ತುಳುವಿಗೆ ಇಳಿಯುತ್ತಿದ್ದರು. ಅದೇ ಬೆಂಚಿನಲ್ಲಿ ಕೂತವರು ಮುಂದೆ ಮುಂಬೈಯಲ್ಲಿ, ದುಬೈಯಲ್ಲಿ ಇಂಗ್ಲಿಷಿನಲ್ಲೇ ದುಡಿದು ಮನೆ ಕಟ್ಟಿದರು.

ತುಳುವಿನಲ್ಲಿ 'ನಾವು' ಅನ್ನುವುದಕ್ಕೆ ಎರಡು ಮಾತಿವೆ. ಕೇಳುವವರೂ ಸೇರಿದರೆ 'ನಮ', ಅವರನ್ನು ಬಿಟ್ಟರೆ 'ಎಂಕುಲು'. ಅಜ್ಜಿ 'ನಮ' ಅಂದ ಕೂಡಲೇ ಮಗುವಿಗೆ ಗೊತ್ತು, ತಾನೂ ಅದರಲ್ಲಿದ್ದೇನೆ ಅಂತ. ಇಂಗ್ಲಿಷಿನ 'ವಿ'ಗೆ ಈ ಸೂಕ್ಷ್ಮ ಇಲ್ಲ, ನಮ್ಮ ಕನ್ನಡದ 'ನಾವು'ಗೂ ಇಲ್ಲ. ಪುಟ್ಟ ಮಗು ವ್ಯಾಕರಣ ಓದದೆಯೇ ಇದನ್ನು ಸರಿಯಾಗಿ ಆಡುತ್ತದೆ. ಅಂಥ ಮಗುವಿಗೆ ಇನ್ನೊಂದು ಭಾಷೆ ಭಾರವಾಗುತ್ತದೆ ಅಂತ ಹೇಗೆ ನಂಬಿದಿರಿ?

ಅಮೆರಿಕದ ಜನಗಣತಿಯವರು ಪ್ರತಿ ವರ್ಷದ ಸಮೀಕ್ಷೆಯಲ್ಲಿ ಮನೆಯಲ್ಲಿ ಬೇರೆ ಭಾಷೆ ಆಡುತ್ತೀರಾ ಎಂದು ಕೇಳುತ್ತಾರೆ. ಇಂಗ್ಲಿಷ್ ಎಷ್ಟು ಚೆನ್ನಾಗಿ ಬರುತ್ತದೆ ಅನ್ನುವುದನ್ನು ಬೇರೆಯಾಗಿ ಕೇಳುತ್ತಾರೆ. ಮನೆಯಲ್ಲಿ ಕನ್ನಡ ಆಡಿಯೂ ಇಂಗ್ಲಿಷ್ 'ತುಂಬಾ ಚೆನ್ನಾಗಿ' ಬರುತ್ತದೆ ಅಂತ ಬರೆಯಲು ಅಲ್ಲಿ ಜಾಗ ಇದೆ. ನಮ್ಮ 2011ರ ಜನಗಣತಿಯ ಫಾರಂನಲ್ಲೂ ಮಾತೃಭಾಷೆಯ ಜೊತೆ ಗೊತ್ತಿರುವ ಇನ್ನೆರಡು ಭಾಷೆಗಳಿಗೆ ಜಾಗ ಇತ್ತು. ತುಳು, ಕನ್ನಡ, ಇಂಗ್ಲಿಷ್. ನಿಮ್ಮ ಮಗನಿಗೆ ಲೆಕ್ಕ ಸರಿಯಾಯಿತು, ಅಲ್ವಾ?

ಆ ಟೀಚರ್ ಒಬ್ಬರನ್ನೇ ದೂರಿ ಏನು ಬಂತು? ಅವರಿಗೂ ಯಾರೋ ಹಾಗೆ ಹೇಳಿಕೊಟ್ಟಿದ್ದಾರೆ. ನನ್ನ ಸಿಟ್ಟು ಇರುವುದು ತುಳುವನ್ನು ಲೆಕ್ಕಕ್ಕೇ ಇಡದ ನಮ್ಮೆಲ್ಲರ ಅಸಡ್ಡೆಯ ಮೇಲೆ. ಜರ್ಮನಿಯಿಂದ ಬಂದ ಮ್ಯಾನರ್ ಎಂಬ ಪಾದ್ರಿ ತುಳು ಕಲಿತು, 1886ರಲ್ಲಿ ಇದೇ ಮಂಗಳೂರಿನಲ್ಲಿ ತುಳು-ಇಂಗ್ಲಿಷ್ ನಿಘಂಟು ಅಚ್ಚು ಹಾಕಿಸಿದರು. 2011ರ ಗಣತಿಯಲ್ಲಿ ತುಳು ತಮ್ಮ ಮಾತೃಭಾಷೆ ಎಂದವರು 18 ಲಕ್ಷಕ್ಕೂ ಜಾಸ್ತಿ. ಇಂಗ್ಲಿಷ್ ಎಂದವರು ಇಡೀ ದೇಶದಲ್ಲಿ ಸುಮಾರು 2.6 ಲಕ್ಷ. ಇಷ್ಟಾದರೂ ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ, ಅಂದರೆ ದೇಶ ಮಾನ್ಯ ಮಾಡಿದ ಭಾಷೆಗಳ ಪಟ್ಟಿಯಲ್ಲಿ, ತುಳುವಿಗೆ ಇನ್ನೂ ಜಾಗ ಸಿಕ್ಕಿಲ್ಲ. ಸರ್ಕಾರ ಕೊಡದ ಮರ್ಯಾದೆಯನ್ನು ಮನೆಯವರೂ ಕೊಡದಿದ್ದರೆ ಆ ಭಾಷೆ ಎಲ್ಲಿಗೆ ಹೋಗಬೇಕು?

ಇವತ್ತು ರಾತ್ರಿ ಊಟಕ್ಕೆ ಕೂತಾಗ ಅಮ್ಮನೇ ಮೊಮ್ಮಗನನ್ನು 'ಬಲ, ನಮ ವನಸ್ ಮಲ್ಪುಗ' (ಬಾ, ನಾವು ಊಟ ಮಾಡೋಣ) ಎಂದು ಕರೆಯಲಿ. ನೀವೂ ತುಳುವಿನಲ್ಲೇ ಓಗೊಡಿ. ಮುಂದಿನ ಸಲ ಶಾಲೆಯಲ್ಲಿ ಪೋಷಕರ ಸಭೆ ಕರೆದಾಗ ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವರಿಗೆ ನನ್ನ ನಮಸ್ಕಾರ ಹೇಳಿ.