ಗಂಟು ಹೊರುವವರು ಯಾರು?

ಓದುಗರ ಪತ್ರ: ಹಾವೇರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕಿ ನಾನು. ಹದಿನಾಲ್ಕು ಕಥೆಗಳ ಹಸ್ತಪ್ರತಿ ಸಿದ್ಧವಿದೆ. ಎಂಟು ತಿಂಗಳ ಹಿಂದೆ ನಾಲ್ವರು ಪ್ರಕಾಶಕರಿಗೆ ಕಳುಹಿಸಿದೆ. ಮೂವರಿಂದ ಉತ್ತರವಿಲ್ಲ. ನಾಲ್ಕನೆಯವರು 60,000 ರೂಪಾಯಿ ಕೊಟ್ಟರೆ 500 ಪ್ರತಿ ಅಚ್ಚು ಹಾಕಿಸಿ, 180 ರೂಪಾಯಿ ಬೆಲೆಯಿಟ್ಟು, ನನಗೆ 100 ಪ್ರತಿ ಕೊಡುತ್ತಾರಂತೆ. ಬಿಡುಗಡೆಯ ಖರ್ಚು ಬೇರೆ. ಕೊಡಬಹುದೆ? ಪತ್ರಿಕೆಗೆ ಕಥೆ ಕಳಿಸಿ ಕಾಯುವುದು ಹಳೆಯ ಕಾಲದ ಮಾತು, ರೀಲ್ಸ್ ಮಾಡು ಎಂದು ಗೆಳತಿಯರು ಹೇಳುತ್ತಾರೆ. ಹೊಸಬರ ಪುಸ್ತಕ ನಾಲ್ಕು ಜನರ ಕಣ್ಣಿಗೆ ಬೀಳುವುದು ಹೇಗೆ? ಒಂದು ಕಥೆಯನ್ನು ಲಗತ್ತಿಸಿದ್ದೇನೆ.

ಸಂಪಾದಕರ ಉತ್ತರ: ನಿಮ್ಮ ಸೀಮೆಯಲ್ಲಿ ಶಿಕ್ಷಕಿಯರನ್ನು ಮಕ್ಕಳು ‘ಅಕ್ಕೋರೆ’ ಎಂದು ಕರೆಯುತ್ತಾರೆ, ನನಗೂ ಆ ಸಲುಗೆ ಇರಲಿ. ಅಕ್ಕೋರೆ, ನೀವು ಪತ್ರ ಬರೆದ ಜಿಲ್ಲೆಯೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಹೇಳುತ್ತದೆ. ವೆಂಕಟೇಶ ತಿರಕೋ ಕುಲಕರ್ಣಿ, ಅಂದರೆ ಗಳಗನಾಥರು, ನಿಮ್ಮ ನೆಲದವರು. ನಿಮ್ಮಂತೆಯೇ ಶಾಲೆಯಲ್ಲಿ ಪಾಠ ಹೇಳಿದವರು. ನಿಮ್ಮ ಜಿಲ್ಲೆಯ ಅಗಡಿಯಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ ಪತ್ರಿಕೆಯ ಮೂಲಕ ಅವರ ಕಾದಂಬರಿಗಳು ಮನೆಮನೆ ಸೇರಿದವು. ಅಚ್ಚಾದ ಪುಸ್ತಕಗಳನ್ನು ಗಂಟು ಕಟ್ಟಿ ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡಿಗರಿಗೆ ಕಾದಂಬರಿಯ ಹುಚ್ಚು ಹಿಡಿಸಿದವರು ಎಂದು ಅವರನ್ನು ಹೊಗಳುವಾಗ ನಾವು ಆ ಗಂಟನ್ನು ಒಂದು ಕರುಣಾಜನಕ ಸಂಗತಿಯಂತೆ ನೆನೆಯುತ್ತೇವೆ. ನನಗೆ ಹಾಗೆ ಕಾಣುವುದಿಲ್ಲ. ಆ ಪುಸ್ತಕ ಮಾರಾಟವಾಗುವುದು ಬೇಕಾಗಿದ್ದವರೊಬ್ಬರು ಅಲ್ಲಿದ್ದರು, ಓದುಗನ ಬಾಗಿಲಿಗೆ ಹೋದರು, ಅಷ್ಟೇ.

ಈಗ ನಿಮಗೆ ಬಂದಿರುವ ಪ್ರಸ್ತಾಪವನ್ನು ಈ ಕಣ್ಣಿನಿಂದ ನೋಡಿ. 60,000 ರೂಪಾಯಿಯನ್ನು 500ರಿಂದ ಭಾಗಿಸಿದರೆ ಪ್ರತಿಯೊಂದಕ್ಕೆ ನಿಮ್ಮ ಕೈಯಿಂದ ಹೋಗುವುದು 120. ಅಂಗಡಿಯವರಿಗೆ ಶೇಕಡಾ 40 ರಿಯಾಯಿತಿ ಬಿಟ್ಟರೆ 180ರ ಪುಸ್ತಕದಿಂದ ಮರಳುವುದು 108. ಎಂದರೆ, ಮಾರಾಟವಾದ ಪುಸ್ತಕದಲ್ಲೂ 12 ರೂಪಾಯಿ ನಷ್ಟ. ನಿಮ್ಮ ಪಾಲಿನ ನೂರು ಪ್ರತಿಯನ್ನು ಪೂರ್ಣ ಬೆಲೆಗೆ ನೀವೇ ಮಾರಿದರೂ ಕೈಗೆ ಬರುವುದು 18,000. ಉಳಿದ 400 ಪ್ರತಿಯ ಗತಿ ಏನೆಂದು ನಿಮ್ಮ ಪತ್ರದಲ್ಲಿಲ್ಲ. ಬಹುಶಃ ಅವರ ಪತ್ರದಲ್ಲೂ ಇರಲಿಲ್ಲ. ಲೇಖಕರಿಂದಲೇ ಖರ್ಚು, ಲಾಭ ಎರಡನ್ನೂ ಮುಂಗಡ ಪಡೆದ ಪ್ರಕಾಶಕರಿಗೆ ಮುದ್ರಣಾಲಯದ ಬಾಗಿಲಲ್ಲೇ ವ್ಯವಹಾರ ಮುಗಿದಿರುತ್ತದೆ. ಆ ಮೇಲೆ ಓದುಗ ಬಂದರೆ ಬರಲಿ, ಬಾರದಿದ್ದರೆ ಬಿಡಲಿ.

ಹಣ ಕೊಟ್ಟು ಪುಸ್ತಕ ಮಾಡುವುದೇ ಪಾಪವೆಂದು ನಾನು ಹೇಳುತ್ತಿಲ್ಲ. ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ತಾವೇ ಮಾರುವ ಲೇಖಕರಿದ್ದಾರೆ. ಅವರ ಬಗ್ಗೆ ನನಗೆ ಗೌರವವಿದೆ. ಕೊಡುವುದೇ ಆದರೆ ಹಕ್ಕುಸ್ವಾಮ್ಯ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆಂದು ಕಾಗದದ ಮೇಲೆ ಬರೆಸಿಕೊಳ್ಳಿ, 400 ಪ್ರತಿಯ ಲೆಕ್ಕ ಯಾವಾಗ ಕೊಡುತ್ತಾರೆಂದು ಕೇಳಿ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆಂದು ಯಾರಾದರೂ ಹಣ ಕೇಳಿದರೆ ನಕ್ಕುಬಿಡಿ; ನಮ್ಮ ದೇಶದಲ್ಲಿ ಅದನ್ನು ಸರ್ಕಾರದ ಸಂಸ್ಥೆಯೇ ಉಚಿತವಾಗಿ ಕೊಡುತ್ತದೆ. 1954ರ ಕಾಯ್ದೆಯ ಪ್ರಕಾರ ಪುಸ್ತಕ ಹೊರಬಂದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಪ್ರಕಾಶಕರು ಪ್ರತಿ ಕಳುಹಿಸಬೇಕು; ಕಳುಹಿಸುವಿರಾ ಎಂದು ಕೇಳಿದಾಗ ಅವರ ಮುಖ ನೋಡಿದರೆ ಎಷ್ಟು ನೆಚ್ಚಬಹುದೆಂದು ತಿಳಿಯುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ವಯಸ್ಸಿನ ಮಿತಿಯಿದೆ, ವಿಚಾರಿಸಿ. ಹೊಸಬರ ಕಥೆಗಳ ಹಸ್ತಪ್ರತಿಯನ್ನು ಸ್ಪರ್ಧೆಗೆ ಕರೆದು, ಗೆದ್ದದ್ದನ್ನು ತಾನೇ ಪ್ರಕಟಿಸುವ ಛಂದ ಪುಸ್ತಕದಂಥ ಪ್ರಕಾಶನವೂ ಇದೆ. ಅಲ್ಲಿ ದಾರಿ ಕಿರಿದು, ಆದರೆ ಅದು ನಿಜವಾದ ದಾರಿ.

ಇನ್ನು ರೀಲ್ಸ್. ಜಾಲತಾಣದಿಂದಲೇ ಓದುಗರನ್ನು ಪಡೆದವರು ಇದ್ದಾರೆ, ಒಪ್ಪುತ್ತೇನೆ. ನಿಮಗೆ ಒಲಿದರೆ ಮಾಡಿ. ಪತ್ರಿಕೆಗೆ ಕಳಿಸಿ ಕಾಯುವುದು ಹಳೆಯ ಕಾಲದ ಮಾತು ಎಂಬ ಸಾಲಿಗೆ ಮಾತ್ರ ನಿಮ್ಮ ಮೇಲೆ ಸ್ವಲ್ಪ ಕೋಪಿಸಿಕೊಳ್ಳಬೇಕಾಗಿದೆ. ಹದಿನಾಲ್ಕು ಕಥೆಗಳಲ್ಲಿ ಒಂದನ್ನೂ ಯಾವ ಪತ್ರಿಕೆಗೂ ಕಳಿಸದೆ, ಅಪರಿಚಿತರು ಹದಿನಾಲ್ಕನ್ನೂ ಒಟ್ಟಿಗೆ ಹಣ ಕೊಟ್ಟು ಓದಲಿ ಎಂದು ಬಯಸುವುದು ನ್ಯಾಯವೆ? ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ನಮ್ಮ ಕಚೇರಿಗೆ ಬರುವ ಹೊಸಬರ ಕಾಗದಗಳಲ್ಲಿ ಅನುವಾದಕರ ವಿಳಾಸ ಕೇಳುವವೇ ಹೆಚ್ಚು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಆ ಕಥೆಗಳು 1990ರಿಂದ 2023ರವರೆಗೆ ಬರೆದವು ಎಂಬುದನ್ನು ಅವರಲ್ಲಿ ಯಾರೂ ಗಮನಿಸಿದಂತಿಲ್ಲ.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. 1986ರಲ್ಲಿ ನನ್ನ ಮೊದಲ ಕವನ ಸಂಕಲನವನ್ನು ಸಾಲ ಮಾಡಿ 1,000 ಪ್ರತಿ ಅಚ್ಚು ಹಾಕಿಸಿದೆ. ಬಿಡುಗಡೆಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವೂ ಇತ್ತು; ಅಧ್ಯಕ್ಷರು ಪುಸ್ತಕದ ಕಾಗದದ ಗುಣಮಟ್ಟವನ್ನು ಮೆಚ್ಚಿ ಮಾತಾಡಿದರು. ವಿತರಕರೊಬ್ಬರು 600 ಪ್ರತಿ ಒಯ್ದು ಒಂದು ರಸೀದಿ ಕೊಟ್ಟರು, ಆ ರಸೀದಿ ಇಂದಿಗೂ ನನ್ನ ಬಳಿ ಇದೆ, ಹಣ ಬರಲಿಲ್ಲ. ಉಳಿದದ್ದರಲ್ಲಿ ಐವತ್ತನ್ನು ಕೈಚೀಲದಲ್ಲಿ ಹಾಕಿಕೊಂಡು ತಿಪಟೂರಿಗೆ ಹೋಗಿ, ಕಾಲೇಜು, ಬ್ಯಾಂಕು, ಕೊಬ್ಬರಿ ಮಂಡಿ ಸುತ್ತಿ ಮೂವತ್ತೊಂದು ಮಾರಿದೆ. ಹದಿನೈದು ದಿನಕ್ಕೆ ಮಂಡಿಯ ಗುಮಾಸ್ತರೊಬ್ಬರಿಂದ ಕಾರ್ಡು ಬಂತು: ಇಂಥ ಪುಟದ ಮೂರನೆಯ ಸಾಲಿನಲ್ಲಿ ಒಂದು ಮಾತ್ರೆ ಹೆಚ್ಚಾಗಿದೆ, ನೋಡಿಕೊಳ್ಳಿ. ನೋಡಿದೆ, ಹೆಚ್ಚಾಗಿತ್ತು. ಸಭೆಯಲ್ಲಿ ಹೊಗಳಿದವರ ಹೆಸರುಗಳು ಮರೆತಿವೆ. ಆ ಗುಮಾಸ್ತರು ನನ್ನ ಮುಂದಿನ ಮೂರು ಪುಸ್ತಕಗಳನ್ನೂ ಹಣ ಕಳಿಸಿ ತರಿಸಿಕೊಂಡರು.

ಪ್ರಕಾಶಕರೇ ಗಂಟು ಹೊತ್ತ ಕಾಲವೂ ಇತ್ತು. ಜಿ. ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿ ನಡೆಯಿತು. ಓದುಗರು ಮೊದಲೇ ಹಣ ಕಟ್ಟುತ್ತಿದ್ದರು, ಮಾಲೆಯವರು ತಮ್ಮ ಅಟ್ಟದ ಮೇಲೆ ಕೂತು ಆರಿಸಿದ ಪುಸ್ತಕಗಳು ಅವರ ಮನೆಗೆ ಹೋಗುತ್ತಿದ್ದವು. ಈ ಏರ್ಪಾಡಿನಿಂದ ಹೆಚ್ಚಿನ ಲಾಭವಾದದ್ದು ಹೊಸಬರಿಗೆ. ಗಿರೀಶ ಕಾರ್ನಾಡರ ಮೊದಲ ನಾಟಕ 1961ರಲ್ಲಿ ಅಲ್ಲಿಂದ ಬಂದಾಗ, ಅವರ ಹೆಸರನ್ನೇ ಕೇಳಿರದ ಮನೆಗಳಿಗೂ ಅದು ತಲುಪಿತು, ಏಕೆಂದರೆ ಆ ಮನೆಯವರು ಲೇಖಕರನ್ನಲ್ಲ, ಮಾಲೆಯನ್ನು ನಂಬಿದ್ದರು.

ಆ ನಂಬಿಕೆಯ ಜಾಗದಲ್ಲಿ ಈಗ ಕುಳಿತಿರುವುದು ಸರ್ಕಾರಿ ಗ್ರಂಥಾಲಯ ಇಲಾಖೆಯ ಸಗಟು ಪುಸ್ತಕ ಖರೀದಿ. 1965ರ ಕಾಯ್ದೆಯ ಕೃಪೆಯಿಂದ ಆಸ್ತಿ ತೆರಿಗೆಯ ಜೊತೆಗೆ ನಾವೆಲ್ಲ ಗ್ರಂಥಾಲಯ ಕರ ಕಟ್ಟುತ್ತೇವೆ. ಆ ಕರವನ್ನು ಸ್ಥಳೀಯ ಸಂಸ್ಥೆಗಳು ಸಕಾಲಕ್ಕೆ ಇಲಾಖೆಗೆ ದಾಟಿಸುವುದಿಲ್ಲ ಎಂಬ ದೂರು ಹಳೆಯದು. ಖರೀದಿಯ ಬೆಲೆ ಪುಟಕ್ಕೆ ಇಷ್ಟು ಎಂದಾದ್ದರಿಂದ, ಅಕ್ಷರ ಹಿಗ್ಗಿಸಿ, ಅಂಚು ಅಗಲಿಸಿ, ತೊಂಬತ್ತು ಪುಟದ ಪುಸ್ತಕವನ್ನು ನೂರಮೂವತ್ತಕ್ಕೆ ಉಬ್ಬಿಸುವ ಕಲೆ ಬೆಳೆಯಿತು. ಆ ಪ್ರಕಾಶಕರಿಗೂ ಓದುಗ ಬೇಕಿಲ್ಲ, ಪಟ್ಟಿಯಲ್ಲಿ ಹೆಸರು ಬಂದರೆ ಸಾಕು. ಪುಸ್ತಕವನ್ನು ಓದುಗನಿಗೆ ಅಂಚೆಯಲ್ಲಿ ಕಳಿಸೋಣವೆಂದರೆ, ಅಗ್ಗವಾಗಿದ್ದ ನೋಂದಾಯಿತ ಪುಸ್ತಕ ಅಂಚೆಯನ್ನು 2024ರ ಡಿಸೆಂಬರ್‌ನಲ್ಲಿ ನಿಲ್ಲಿಸಿದರು. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ಎಂದು ಹೇಳಿಕೊಳ್ಳುತ್ತೇವೆ, ಅದರ ಕಾಗದಕ್ಕೆ ಇದೆ. ದಿನಪತ್ರಿಕೆಗಳ ವಿಮರ್ಶೆಯ ಪುಟ, ಬಂದ ಪುಸ್ತಕಗಳ ಹೆಸರಷ್ಟೇ ಹಾಕುವ ‘ಸಾದರ ಸ್ವೀಕಾರ’ದ ಪಟ್ಟಿಗೆ ಇಳಿದಿದೆ. ಹೀಗಿರುವಾಗ ಹೊಸಬರ ಪುಸ್ತಕವನ್ನು ಗಮನಿಸಬೇಕಾದವರು ಯಾರು ಎಂದು ನನ್ನನ್ನು ಕೇಳಿದರೆ, ಕೈಚೀಲ ಹಿಡಿದು ಹೊರಡಿ ಎನ್ನುವುದನ್ನು ಬಿಟ್ಟು ಬೇರೆ ಉತ್ತರ ನನಗೆ ಹೊಳೆಯುವುದಿಲ್ಲ.

ಸಾಹಿತ್ಯ ಸಮ್ಮೇಳನದ ಮಳಿಗೆಯಲ್ಲಿ ಒಂದು ಗಂಟೆ ನಿಂತು ನೋಡಿ. ಜನ ಪುಸ್ತಕವನ್ನು ಎತ್ತಿಕೊಂಡು ಮೊದಲು ಬೆನ್ನುಡಿ ನೋಡುತ್ತಾರೆ, ಬೆಲೆ ನೋಡುತ್ತಾರೆ, ಆಮೇಲೆ ನಡುವಿನ ಒಂದು ಪುಟ ತೆರೆದು ನಿಂತಲ್ಲೇ ಐದಾರು ಸಾಲು ಓದುತ್ತಾರೆ. ಮುನ್ನುಡಿ ಬರೆದ ಹಿರಿಯರ ಹೆಸರು ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಆ ಐದಾರು ಸಾಲಿನಲ್ಲಿ ಎರಡು ಅಚ್ಚಿನ ತಪ್ಪು ಕಂಡರೆ ಪುಸ್ತಕ ಮರಳಿ ರಾಶಿಗೆ ಸೇರುತ್ತದೆ. ಕರಡು ತಿದ್ದಲು ಬಲ್ಲವರೊಬ್ಬರಿಗೆ ಕೊಡುವ ಹಣ ಹಣ್ಣಿನ ಬುಟ್ಟಿಗಿಂತ ಹೆಚ್ಚೇನೂ ಆಗುವುದಿಲ್ಲ.

ನೀವು ಕಳಿಸಿದ ಕಥೆಯನ್ನು ಎರಡು ಸಲ ಓದಿದೆ. ಆರಂಭದ ಎರಡು ಪ್ಯಾರಾಗಳ ಮಳೆಯ ವರ್ಣನೆ ಬೇಡ. ಅದು ನೀವು ಓದಿದ ಪುಸ್ತಕಗಳ ಮಳೆ, ನಿಮ್ಮ ಊರಿನದಲ್ಲ. ಸಂತೆಗೆ ಹೋದ ಅಜ್ಜಿ ಮೆಣಸಿನಕಾಯಿ ಚೀಲವನ್ನು ಮಾರದೆ ಹಾಗೇ ಹೊತ್ತುಕೊಂಡು ಮರಳುವ ಕಡೆ ಕಥೆ ಶುರುವಾಗುತ್ತದೆ, ಅಲ್ಲಿಂದಲೇ ಶುರು ಮಾಡಿ. ಮೊಮ್ಮಗಳ ಭಾಷಣ ಅರ್ಧಕ್ಕೆ ಇಳಿಯಲಿ. ತಿದ್ದಿದ ಪ್ರತಿ ಹದಿನೈದು ದಿನದೊಳಗೆ ಬಂದರೆ ಮುಂದಿನ ತಿಂಗಳ ಸಂಚಿಕೆಯಲ್ಲಿ ಹಾಕುತ್ತೇವೆ. ಆ ಸಂಚಿಕೆಯ ಇಪ್ಪತ್ತು ಪ್ರತಿಯನ್ನು ನಿಮ್ಮ ವಿಳಾಸಕ್ಕೆ ಕಳಿಸುತ್ತೇನೆ, ಹಂಚಬೇಡಿ, ಮಾರಿ.