ಅಭಿಧಮನಿಯ ರಕ್ತಸ್ರಾವಕ್ಕೆ ಸೆಲ್ಯುಲೋಸ್, ಜೆಲಾಟಿನ್, ಫೈಬ್ರಿನ್ ಅಂಟು: ಯಾವುದು ಮೇಲು?

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ ಗಾಯದಲ್ಲಿಟ್ಟು ರಕ್ತ ನಿಲ್ಲಿಸುವ ಈ ಮೂರು ವಸ್ತುಗಳಲ್ಲಿ ಯಾವುದು ಮೇಲು ಎಂಬ ಇದೇ ಪ್ರಶ್ನೆಯಿಂದ ನಾನೂ ಹಿರಿಯರನ್ನು ಪೀಡಿಸುತ್ತಿದ್ದೆ. ಉತ್ತರ ಸಿಕ್ಕಿದ್ದು ಯಶವಂತಪುರದ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ ಒಬ್ಬರ ಬೆನ್ನಿನಲ್ಲಿ.

ಸೊಂಟದ ನಾಲ್ಕನೆಯ ಮತ್ತು ಐದನೆಯ ಕಶೇರುಗಳ ನಡುವಿನ ಡಿಸ್ಕ್ ಜಾರಿ ನರವನ್ನು ಒತ್ತಿತ್ತು. ಚೂರನ್ನು ತೆಗೆದೊಡನೆ ನರದ ಪಕ್ಕದ ಅಭಿಧಮನಿ ಜಾಲದಿಂದ ಕಪ್ಪು ರಕ್ತ ಒಸರತೊಡಗಿತು. ಅದು ಅಪಧಮನಿಯಂತೆ ಚಿಮ್ಮುವುದಿಲ್ಲ. ಬಾವಿಯ ತಳದಲ್ಲಿ ಒರತೆ ಏರಿದಂತೆ ಸದ್ದಿಲ್ಲದೆ ತುಂಬಿಕೊಳ್ಳುತ್ತದೆ. ಆಕ್ಸಿಡೈಸ್ಡ್ ಸೆಲ್ಯುಲೋಸಿನ ಒಣ ತುಂಡೊಂದನ್ನು ಮಡಚಿ ಇಟ್ಟು, ಮೇಲೆ ಒದ್ದೆ ಹತ್ತಿಯ ಪುಟ್ಟ ಪಟ್ಟಿಯಿಂದ (ಪ್ಯಾಟಿ) ಒತ್ತಿದೆ. ಸಾಲದೆಂದು ಇನ್ನೊಂದು, ಮತ್ತೊಂದು ಇಟ್ಟೆ. ಕೊನೆಗೆ ನಿಂತಿತು. "ಎಲ್ಲಾ ತೆಗೆದು, ತೊಳೆದು ಮುಚ್ಚಪ್ಪ" ಎಂದು ಹೇಳಿ ಹಿರಿಯರು ಪಕ್ಕದ ಥಿಯೇಟರಿಗೆ ಹೋದರು. ನಾನು ತೆಗೆಯಲಿಲ್ಲ.

ತೆಗೆದರೆ ಮತ್ತೆ ಸುರಿಯುತ್ತದೆಂಬ ಭಯ ಒಂದು ಕಡೆ. ತಾನಾಗಿ ಕರಗುವ ವಸ್ತುವಲ್ಲವೇ ಎಂಬ ಸಮಾಧಾನ ಇನ್ನೊಂದು ಕಡೆ. ಕರಗುತ್ತದೆ, ನಿಜ, ಆದರೆ ಕರಗಲು ವಾರಗಳು ಬೇಕು, ರಕ್ತ ಹೀರಿ ಊದಿಕೊಳ್ಳಲು ಅಷ್ಟು ಹೊತ್ತು ಬೇಡ. ಹೊಟ್ಟೆಯೊಳಗೆ ಯಕೃತ್ತಿನ ಪಕ್ಕದಲ್ಲಾದರೆ ಊದಿದ್ದಕ್ಕೆ ಜಾಗವಿರುತ್ತದೆ. ಬೆನ್ನುಹುರಿಯ ನಾಳದ ಗೋಡೆ ಮೂಳೆಯದು, ಅದು ಸರಿಯುವುದಿಲ್ಲ. ಆದ್ದರಿಂದ ಸರಿಯಬೇಕಾದದ್ದು ನರವೇ. ರಕ್ತ ನಿಂತ ಮೇಲೆ ಇಂಥ ಜಾಗದಿಂದ ಇದನ್ನು ಹೊರತೆಗೆಯಬೇಕೆಂದು ತಯಾರಕರ ಸೂಚನಾ ಚೀಟಿಯಲ್ಲೇ ಮುದ್ರಿಸಿರುತ್ತಾರೆ. ಆ ಚೀಟಿಯನ್ನು ನಾನು ಬಿಡಿಸಿಯೂ ನೋಡಿರಲಿಲ್ಲ.

ರಾತ್ರಿ ವಾರ್ಡಿನಲ್ಲಿ ಅವರು, "ಸಾರ್, ಈ ಕಾಲು ನಂದಲ್ಲ ಅನ್ನಿಸ್ತಾ ಇದೆ" ಎಂದರು. ಹೆಬ್ಬೆರಳನ್ನು ಮೇಲೆತ್ತಲು ಹೇಳಿದೆ, ಎತ್ತಲಾಗಲಿಲ್ಲ. ಎಂಆರ್‌ಐ ಆದ ಕೂಡಲೇ ಮತ್ತೆ ತೆರೆದಾಗ, ಹುಣಸೆಹಣ್ಣಿನ ಉಂಡೆಯಂಥ ಕಪ್ಪು ಮುದ್ದೆ ನರದ ಮೇಲೆ ಕುಳಿತಿತ್ತು. ಅದನ್ನು ಎತ್ತಿದೆವು. ಒಂದು ಹನಿ ಹೊಸ ರಕ್ತವೂ ಬರಲಿಲ್ಲ. ಪಾದ ಪೂರ್ತಿ ಏಳಲು ತಿಂಗಳುಗಳೇ ಹಿಡಿದವು, ಅಷ್ಟೂ ಕಾಲ ಅವರ ದುಡಿಮೆ ನಿಂತಿತು.

ಆದ್ದರಿಂದ ಯಾವುದು ಮೇಲು ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅಭಿಧಮನಿಯ ಒತ್ತಡ ಕಡಿಮೆ. ಬೆರಳಿಗೂ ಗಡಿಯಾರಕ್ಕೂ ಅದು ಮಣಿಯುತ್ತದೆ. ಒತ್ತಿ ಹಿಡಿದು, ಅರ್ಧ ನಿಮಿಷಕ್ಕೊಮ್ಮೆ ಇಣುಕಿ ನೋಡದೆ ಇರುವುದೇ ಕಷ್ಟದ ಕೆಲಸ. ಅದಕ್ಕೂ ಮೊದಲು ರೋಗಿಯ ಹೊಟ್ಟೆಯನ್ನು ನೋಡಿ. ಕಶೇರುಗಳ ಸುತ್ತಲಿನ ಈ ಜಾಲಕ್ಕೆ ರಕ್ತ ಹಿಂದೆ ಹರಿಯದಂತೆ ತಡೆಯುವ ಕವಾಟಗಳಿಲ್ಲವೆಂದು ಅಂಗರಚನಾ ತಜ್ಞ ಬ್ಯಾಟ್ಸನ್ 1940ರಲ್ಲೇ ವಿವರಿಸಿದ್ದರು. ಬೋರಲು ಮಲಗಿದವರ ಹೊಟ್ಟೆ ದಿಂಬಿಗೆ ಒತ್ತಿಕೊಂಡರೆ ಆ ಒತ್ತಡ ನೇರವಾಗಿ ನಿಮ್ಮ ಗಾಯಕ್ಕೆ ಬರುತ್ತದೆ. ಅಂದು ಹೊಟ್ಟೆ ಜಾರಿ ದಿಂಬಿನ ಮೇಲೆ ಕುಳಿತಿದ್ದನ್ನು ಅರಿವಳಿಕೆಯ ವೈದ್ಯರು ಆಮೇಲೆ ಹೇಳಿದರು.

ವಸ್ತುಗಳ ಬಗ್ಗೆ ಇಷ್ಟು ಸಾಕು. ಸೆಲ್ಯುಲೋಸ್ ಆಮ್ಲೀಯವಾದ್ದರಿಂದ ಅದಕ್ಕೆ ಥ್ರಾಂಬಿನ್ (ರಕ್ತ ಹೆಪ್ಪುಗಟ್ಟಿಸುವ ಕಿಣ್ವ) ಸುರಿಯುವುದು ದಂಡ, ಆಮ್ಲ ಅದನ್ನು ಕೆಡಿಸುತ್ತದೆ. ಥ್ರಾಂಬಿನ್ ಬೇಕಿದ್ದರೆ ಜೆಲಾಟಿನ್ ಸ್ಪಾಂಜನ್ನು ಅದರಲ್ಲಿ ನೆನೆಸಿ. ಜೆಲಾಟಿನ್ ಕೂಡ ಊದುತ್ತದೆ. ಜೆಲಾಟಿನ್-ಥ್ರಾಂಬಿನ್ ಲೇಪವನ್ನು ಒದ್ದೆ ಗಾಜ್ ಬಟ್ಟೆಯಡಿ ಎರಡು ನಿಮಿಷ ಹಿಡಿದು, ಹೆಚ್ಚಾದದ್ದನ್ನು ಮೆಲ್ಲಗೆ ತೊಳೆದು ತೆಗೆಯಿರಿ. ತೆರೆದ ರಕ್ತನಾಳದೊಳಗೆ ಮಾತ್ರ ಎಂದಿಗೂ ತಳ್ಳಬೇಡಿ. ಫೈಬ್ರಿನ್ ಅಂಟು ಜಿನುಗುವ ಮೇಲ್ಮೈಗೆ ಸರಿ, ತುಂಬಿ ಹರಿಯುವಲ್ಲಿ ಕೊಚ್ಚಿಹೋಗುತ್ತದೆ.

ಬೇರೆ ಜಾಗಗಳಲ್ಲಿ ಏನಾದರೂ ಒಳಗೆ ಬಿಡಲೇಬೇಕಾಗಿ ಬಂದರೆ, ಯಾವುದನ್ನು, ಎಲ್ಲಿ, ಎಷ್ಟು ತುಂಡು ಬಿಟ್ಟಿರೆಂದು ಆಪರೇಷನ್ ನೋಟಿನಲ್ಲಿ ಬರೆಯಿರಿ. ಒಳಗೆ ಉಳಿದ ಸೆಲ್ಯುಲೋಸ್ ಸಿಟಿ ಸ್ಕ್ಯಾನಿನಲ್ಲಿ ಗಾಳಿಗುಳ್ಳೆಗಳೊಂದಿಗೆ ಥೇಟ್ ಕೀವುಗಡ್ಡೆಯಂತೆ ಕಾಣುತ್ತದೆ, ಮುಂದಿನ ವೈದ್ಯರು ಅದನ್ನು ಕೊಯ್ಯಲು ಹೊರಡುತ್ತಾರೆ.