ಪೈಕ್ ಬ್ಲಾಕ್ ಬಾಣಕ್ಕೆ ಕರಗಲ್ಲ, ನಿಂತರೆ ಕರಗುತ್ತೆ

1513ರಲ್ಲಿ ಇಂಗ್ಲಿಷರಿಗೂ ಸ್ಕಾಟರಿಗೂ ನಡೆದ ಫ್ಲಾಡನ್ ಕದನವನ್ನು ಟೇಬಲ್ ಮೇಲೆ ಗೊಂಬೆ, ದಾಳದಲ್ಲಿ ಆಡೋಕೆ ನೀವು ಹಾಕಿರೋ ನಿಯಮ ನೋಡಿದೆ ಗುರುಗಳೇ. ಇಂಗ್ಲಿಷ್ ಬಿಲ್ಲುಗಾರರು ಟರ್ನ್‌ಗೊಂದು ಸಲ ಸ್ಕಾಟ್ ಪೈಕ್ ಬ್ಲಾಕಿನ (ಪೈಕ್ ಅನ್ನೋ ಉದ್ದ ಈಟಿ ಹಿಡಿದು ಒತ್ತಾಗಿ ನಿಂತ ದಂಡು) ಕಾಲುಭಾಗ ಎತ್ತಿಬಿಡ್ತಾರೆ ಅಂತ ಬರೆದಿದ್ದೀರಿ. ಹೊಸಬರೆಲ್ಲ ಮಾಡೋ ತಪ್ಪು ಇದೇ: ಬಿಲ್ಲನ್ನು ಮೆಷಿನ್ ಗನ್ ಮಾಡೋದು. ಹಾಗೆ ಆಡಿದರೆ ಮೂರನೇ ಟರ್ನ್‌ಗೆ ಗೊಂಬೆ ಡಬ್ಬಿಗೆ ಹಾಕಬಹುದು, ಫ್ಲಾಡನ್ ಮಾತ್ರ ಆಗಲ್ಲ.

ಸ್ಕಾಟರ ಜೇಮ್ಸ್ ದೊರೆಯ ಬ್ಲಾಕಿನ ಮುಂದಿನ ಸಾಲುಗಳಲ್ಲಿ ಇದ್ದವರು ಒಳ್ಳೆ ಕವಚ ತೊಟ್ಟ ಸಿರಿವಂತರು, ಜೊತೆಗೆ ಮರದ ದೊಡ್ಡ ಗುರಾಣಿ. ಗಾಳಿಮಳೆ ಬೇರೆ. ಬಾಣ ಅವರಿಗೆ ಹೆಚ್ಚೇನೂ ತಟ್ಟಲಿಲ್ಲ ಅಂತ ಗೆದ್ದ ಇಂಗ್ಲಿಷರ ಕಡೆಯವರೇ ಬರೆದಿಟ್ಟಿದ್ದಾರೆ. ಅದೇ ಸಂಜೆ, ಸ್ಕಾಟರ ಬಲತುದಿಯಲ್ಲಿ ಲೆನಾಕ್ಸ್, ಆರ್ಗೈಲ್ ಅವರ ಹೈಲ್ಯಾಂಡ್ ಪಡೆಗೆ ಕವಚ ಕಮ್ಮಿ. ಇಂಗ್ಲಿಷರ ಸ್ಟ್ಯಾನ್ಲಿಯ ಬಿಲ್ಲುಗಾರರು ಹೊಡೆದಾಗ ಚದುರಿಹೋಯಿತು. ಹಾಗಾಗಿ ಎಲ್ಲಾ ಸ್ಕಾಟರಿಗೂ ಒಂದೇ ಸೇವ್ (ಪೆಟ್ಟು ಬಿದ್ದ ಗೊಂಬೆ ಉಳಿಯೋಕೆ ದಾಳದಲ್ಲಿ ಬರಬೇಕಾದ ಅಂಕ; 3+ ಅಂದರೆ 3 ಅಥವಾ ಮೇಲೆ) ಕೊಡಬೇಡಿ. ದೊರೆಯ ಬ್ಲಾಕಿಗೆ ಎದುರಿನಿಂದ 3+, ಪಕ್ಕದಿಂದ 5+; ಹೈಲ್ಯಾಂಡರಿಗೆ ಎಲ್ಲಾ ಕಡೆಯಿಂದ 6.

ದೊರೆಯ ಬ್ಲಾಕನ್ನು ಕೆಡಿಸಿದ್ದು ನೆಲ. ಬ್ರಾಂಕ್ಸ್‌ಟನ್ ಗುಡ್ಡ ಇಳಿದರೆ ಬುಡದಲ್ಲಿ ಹಳ್ಳ, ಕೆಸರು. ಕಾಲು ಜಾರದಿರಲಿ ಅಂತ ಜೋಡು ಕಳಚಿ ಇಳಿದವರೂ ಇದ್ದರು. ಪೈಕ್ 18 ಅಡಿ, ಅದರ ಬಲವೆಲ್ಲ ಸಾಲು ಮುರಿಯದೆ ಒಟ್ಟಿಗೆ ನುಗ್ಗೋದರಲ್ಲಿದೆ. ಹಳ್ಳ ದಾಟುವಾಗ ಸಾಲು ಸಡಿಲ ಆಯಿತು, ಓಟ ನಿಂತಿತು, ಮೊನೆಗಳ ನಡುವೆ ಸಂದಿ ಬಿತ್ತು. ಇಂಗ್ಲಿಷರ ಕೈಲಿದ್ದದ್ದು ಸುಮಾರು 8 ಅಡಿ ಹಿಡಿಯ, ಮಾವು ಕೀಳೋ ದೋಟಿಗೆ ಮಚ್ಚು ಕಟ್ಟಿದಂಥ ಆಯುಧ. ಸಂದಿಯಲ್ಲಿ ಒಳಬಂದು ಪೈಕ್ ಕಡಿದರು; ಅಷ್ಟು ಹತ್ತಿರದಲ್ಲಿ 18 ಅಡಿ ಕೋಲು ತಿರುಗಿಸೋಕೂ ಆಗಲ್ಲ. ಸ್ಕಾಟರ ಎಡಗಡೆ ಹ್ಯೂಮ್‌ನ ಬ್ಲಾಕಿಗೆ ಇಂಥ ಕೆಸರು ಅಡ್ಡ ಬರಲಿಲ್ಲ, ಎದುರಿದ್ದ ಎಡ್ಮಂಡ್ ಹೋವರ್ಡ್‌ನ ಪಡೆಯನ್ನು ಒಡೆದೇಬಿಟ್ಟಿತು. ನಿಮ್ಮ ಟೇಬಲ್ ಮೇಲೆ ಹಳ್ಳವೇ ಇಲ್ಲವಲ್ಲ ಸ್ವಾಮಿ! ಮೊದಲು ಅದನ್ನು ಹಾಕಿ, ದಾಟಿದ ಬ್ಲಾಕಿಗೆ ಎರಡು ಡಿಸಾರ್ಡರ್ ಮಾರ್ಕರ್ (ಸಾಲು ಕೆಟ್ಟಿದೆ ಅನ್ನೋ ಗುರುತು) ಕೊಡಿ.

ಲೆಕ್ಕವನ್ನೂ ಹಾಕಿ. ಒಂದು ಇಂಚಿಗೆ 10 ಮೀಟರ್ ಹಿಡಿದರೆ ಬಿಲ್ಲಿನ ರೇಂಜ್ 20 ಇಂಚು. ಬ್ಲಾಕ್ ನಿಮಿಷಕ್ಕೆ 80 ಮೀಟರ್ ನಡೆದರೂ ಎರಡೂವರೆ ನಿಮಿಷದಲ್ಲಿ ಮೈಮೇಲೆ. ಬಿಲ್ಲುಗಾರನ ಕಟ್ಟಿನಲ್ಲಿರೋದು 24 ಬಾಣ. ನಿಮಿಷಕ್ಕೆ ಆರು ಬಿಟ್ಟರೂ ನಾಲ್ಕೇ ನಿಮಿಷ. ಅದರಲ್ಲೂ ಕವಚಕ್ಕೆ ಸ್ವಲ್ಪವಾದರೂ ನಾಟೋದು ಕೊನೆಯ ಐವತ್ತು ಮೀಟರಿನ ನೇರ ಹೊಡೆತ. ಆದ್ದರಿಂದ 5 ಇಂಚಿಗಿಂತ ದೂರದ ಬಾಣಕ್ಕೆ ಗೊಂಬೆ ತೆಗೀಬೇಡಿ, ಮಾರ್ಕರ್ ಇಡಿ.

ಬ್ಲಾಕ್ ನಿಂತರೆ ಮಾತ್ರ ಕಥೆ ಬೇರೆ. 1298ರ ಫಾಲ್ಕರ್ಕ್‌ನಲ್ಲಿ ಸ್ಕಾಟ್ ನಾಯಕ ವ್ಯಾಲೆಸ್‌ನ ನಾಲ್ಕು ಶಿಲ್ಟ್ರನ್‌ಗಳನ್ನು (ಈಟಿ ಹಿಡಿದು ಒತ್ತಾಗಿ ನಿಂತ ಗುಂಪು) ಇಂಗ್ಲಿಷ್ ಕುದುರೆಯವರಿಂದ ಒಡೆಯೋಕೆ ಆಗಲಿಲ್ಲ. ಆದರೆ ನಡುವೆ ಇದ್ದ ಸ್ಕಾಟ್ ಬಿಲ್ಲುಗಾರರನ್ನು ತುಳಿದುಹಾಕಿದರು, ಸ್ಕಾಟ್ ಕುದುರೆಪಡೆ ಓಡಿಹೋಯಿತು. ಆಮೇಲೆ ಇಂಗ್ಲಿಷ್ ದೊರೆ ಎಡ್ವರ್ಡ್ ಬಿಲ್ಲುಗಾರರನ್ನು ತಂದು ನಿಂತ ಗುರಿಗೆ ಸಾವಕಾಶವಾಗಿ ಹೊಡೆಸಿದ. 1314ರಲ್ಲಿ ಬ್ಯಾನಕ್‌ಬರ್ನ್‌ನಲ್ಲಿ ಸ್ಕಾಟ್ ದೊರೆ ಬ್ರೂಸ್ ಅದನ್ನೇ ತಿರುಗಿಸಿದ: ಕೀತ್‌ನ ಹಗುರ ಕುದುರೆಯವರು ಇಂಗ್ಲಿಷ್ ಬಿಲ್ಲುಗಾರರನ್ನು ಚದುರಿಸಿದರು, ಶಿಲ್ಟ್ರನ್‌ಗಳು ಮುಂದೆ ನಡೆದವು. 1547ರ ಪಿಂಕಿ ಕದನದಲ್ಲೂ ಇಂಗ್ಲಿಷರ ಕುದುರೆ ದಾಳಿ ಸ್ಕಾಟರ ಪೈಕ್‌ಗೆ ಸಿಕ್ಕಿ ಸೋತಿತು. ಆದರೆ ಆ ದಾಳಿ ತಡೆಯೋಕೆ ನಿಂತ ಬ್ಲಾಕಿಗೆ ಫಿರಂಗಿ, ಆರ್ಕಬಸ್ (ಹಳೇ ಕಾಲದ ಕೋವಿ), ಬಾಣ ಮೂರೂ ಬಿದ್ದವು. ಅದಕ್ಕೇ ನಿಂತ ಬ್ಲಾಕಿನ ಮೇಲೆ ಹೊಡೆಯುವವರಿಗೆ ಒಂದು ದಾಳ ಜಾಸ್ತಿ, ಫಿರಂಗಿಗೆ ಸೇವ್ ಬೇಡವೇ ಬೇಡ.

ಪ್ರಾಚೀನ ಮೆಸಿಡೋನಿಯನ್ ಪಡೆ ಆಡೋರಿಗೆ: ಹಿಂದಿನ ಸಾಲುಗಳು ಓರೆಯಾಗಿ ಎತ್ತಿಹಿಡಿದ ಸರಿಸ್ಸಾಗಳು (ಅವರ ಪೈಕ್) ಮೇಲಿಂದ ಬೀಳೋದನ್ನು ತಡೀತವೆ ಅಂತ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಹೇಳ್ತಾನೆ. ತಡೀತವೆ, ಚಾವಣಿ ಥರ ಅಲ್ಲ. ಅದಕ್ಕೆ ಸೇವ್ ದಾಳಕ್ಕೆ +1 ಸಾಕು, ದುರಾಸೆ ಬೇಡ. ಬ್ಲಾಕುಗಳ ನಡುವೆ ಆನೆ ನಿಲ್ಲಿಸೋರು ಮ್ಯಾಗ್ನೀಷಿಯಾ ಕದನ ನೆನಪಿಟ್ಟುಕೊಳ್ಳಿ. ರೋಮನ್ನರ ಈಟಿ, ಬಾಣಕ್ಕೆ ಆನೆ ಬೆದರಿ ಸ್ವಂತ ಫ್ಯಾಲ್ಯಾಂಕ್ಸನ್ನೇ (ಸರಿಸ್ಸಾ ಹಿಡಿದ ಬ್ಲಾಕ್) ಕೆಡಿಸಿದವು.

ಫೋಟೋದಲ್ಲಿ ನಿಮ್ಮ ಪೈಕ್ 70 ಮಿ.ಮೀ. ಇದ್ದಂಗಿದೆ. 28 ಮಿ.ಮೀ. ಗೊಂಬೆಗೆ 1:56 ಲೆಕ್ಕದಲ್ಲಿ 18 ಅಡಿ ಅಂದರೆ 98 ಮಿ.ಮೀ., 100 ಕತ್ತರಿಸಿ. ಪೆರಿ ಕಂಪನಿಯ ಮರ್ಸಿನರಿ ಡಬ್ಬಿಯ ಗೊಂಬೆ ಚೆನ್ನ, ಪ್ಲಾಸ್ಟಿಕ್ ಪೈಕ್ ಮುರಿಯುತ್ತೆ. 0.8 ಮಿ.ಮೀ. ಸ್ಪ್ರಿಂಗ್ ಸ್ಟೀಲ್ ತಂತಿ ಹಾಕಿ. ಹಿತ್ತಾಳೆ ಬಾಗಿದರೆ ಬಾಗಿದ್ದೇ. ಫೆವಿಕ್ವಿಕ್‌ನ ಬೆಸುಗೆ ಪೆಟ್ಟಿಗೆ ಟಕ್ ಅಂತ ಬಿಡುತ್ತೆ, ಗೊಂಬೆಯ ಕೈಗೆ ಅರಾಲ್ಡೈಟ್, ಅದೂ ನಿಧಾನಕ್ಕೆ ಒಣಗೋದು. ಕೈಯನ್ನು 0.9 ಮಿ.ಮೀ. ಡ್ರಿಲ್‌ನಲ್ಲಿ ಕೊರೆದು ತಂತಿ ತೂರಿಸಿ. ಮೊದಲ ಎರಡು ಸಾಲಿನ ಪೈಕ್ ಮಾತ್ರ ಅಡ್ಡ ಇರಲಿ, ಉಳಿದವು ನೆಟ್ಟಗೆ, ಇಲ್ಲದಿದ್ದರೆ ಎರಡು ಬೇಸ್ (ಗೊಂಬೆ ಅಂಟಿಸೋ ತಟ್ಟೆ) ಒಟ್ಟಿಗೆ ಕೂರಲ್ಲ. ಮೊನೆಯನ್ನು ಫೈಲ್‌ನಲ್ಲಿ ಮೊಂಡು ಮಾಡಿ, ದಾಳ ಹೆಕ್ಕುವಾಗ ಕೈಗೆ ಚುಚ್ಚೋದು ಅದೇ.